ಬೋಟೆಂಗ್ ಮೇಷ್ಟ್ರ ಪೀಠ

ಈ ಜೂನ್ ತಿಂಗಳಲ್ಲಿ ಐರ್ಲೆಂಡಿನ ಲೆಟರ್‌ಕೆನ್ನಿಗೆ ಮತ್ತೆ ಹೋದಾಗ ಮಗಳ ಮನೆಯ ಹಿತ್ತಲಿನ ಮೋಟುಗೋಡೆ ಕಾಣಲಿಲ್ಲ. ಅದರ ಜಾಗದಲ್ಲಿ ಆಳೆತ್ತರದ ಮರದ ಬೇಲಿ ಎದ್ದಿತ್ತು. ಪಕ್ಕದ ಮನೆಗೆ ಹೊಸದಾಗಿ ಬಂದವರದು ಚಿಕ್ಕ ಮಕ್ಕಳ ಸಂಸಾರ. ಪ್ರೈವೆಸಿ ಬೇಕೆಂದು ಹಾಕಿಸಿಕೊಂಡರಂತೆ. ತಪ್ಪೇನಿಲ್ಲ ಬಿಡಿ. ಹಿಂದಿನ ದಿನವೆಲ್ಲ ಹೊಯ್ದ ಮಳೆ ಬೆಳಗ್ಗೆ ನಿಂತಿತ್ತು. ಕಾಫಿ ಲೋಟ ಹಿಡಿದು ಹಿಂಬಾಗಿಲು ತೆಗೆದೆ. ನೆಂದ ಹಸಿಮರದ ವಾಸನೆ ಒಮ್ಮೆಲೇ ಮುಖಕ್ಕೆ ಬಡಿಯಿತು. ಒಂದು ಹೆಜ್ಜೆ ಹಿಂದೆ ಸರಿದು ಬಾಗಿಲು ಹಾಕಿಕೊಂಡೆ.

"ಯಾಕಮ್ಮ, ಚಳಿನಾ?" ಅಂದಳು ಮಗಳು ಶುಭಾ.

ಹೌದು ಅಂದೆ. ಚಳಿ ಇರಲಿಲ್ಲ. ಬೇಲಿಯ ಆಚೆ ಯಾರೋ ನಿಂತು ಕಾಯುತ್ತಿದ್ದಾರೆ ಅನ್ನಿಸಿತ್ತು.

ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ, ಮೊಮ್ಮಗಳು ಇಶಾಳ ಒಂಬತ್ತನೆಯ ಹುಟ್ಟುಹಬ್ಬಕ್ಕೆಂದು ಮೈಸೂರಿನಿಂದ ಬಂದವಳು ನಾನು. ಎರಡು ತಿಂಗಳಿಗೆ ರಿಟರ್ನ್ ಟಿಕೆಟ್ ಇತ್ತು. ಮಾರ್ಚಿನಲ್ಲಿ ವಿಮಾನಗಳು ನಿಂತವು. ಶುಭಾ ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. ಅಳಿಯನ ಕೆಲಸ ಗಾಲ್ವೇಯಲ್ಲಿ. ವಾರಕ್ಕೊಮ್ಮೆ ಬರುತ್ತಿದ್ದವರು ಆ ವರ್ಷ ಬರುವುದೇ ಅಪರೂಪವಾಯಿತು. ಶುಭಾ ಡ್ಯೂಟಿಯಿಂದ ಬಂದರೆ ಗರಾಜಿನಲ್ಲೇ ಬಟ್ಟೆ ಬದಲಿಸಿ, ಸ್ನಾನ ಮಾಡಿ, ಅಡುಗೆಮನೆಯಲ್ಲಿ ಒಬ್ಬಳೇ ಕೂತು ಊಟ ಮಾಡುತ್ತಿದ್ದಳು. ನಾನೂ ಇಶಾಳೂ ಮೆಟ್ಟಿಲ ಮೇಲೆ ಕೂತು ಅವಳು ಉಣ್ಣುವುದನ್ನು ದೂರದಿಂದ ನೋಡುತ್ತಿದ್ದೆವು.

"ಅಮ್ಮ, ನಿನಗೆ ಎಪ್ಪತ್ತೆರಡು. ಶುಗರ್ ಬೇರೆ ಇದೆ. ಗೇಟ್ ದಾಟ್ಬೇಡ, ಪ್ಲೀಸ್. ಹಿತ್ತಲು ಅಷ್ಟೇ ಈಗ ನಿನ್ನ ವರ್ಲ್ಡ್."

ಎಪ್ಪತ್ತು ದಾಟಿದವರು ಮನೆಯೊಳಗೇ ಇರಬೇಕೆಂದು ಅಲ್ಲಿಯ ಸರ್ಕಾರ ಹೇಳಿತು. ಅದಕ್ಕೊಂದು ಮುದ್ದಾದ ಹೆಸರನ್ನೂ ಇಟ್ಟಿತು: ಕಕೂನಿಂಗ್. ನಾನು ರೇಷ್ಮೆಯ ಊರಿನವಳು. ಗೂಡೊಳಗಿನ ಹುಳುವನ್ನು ಕೊನೆಗೆ ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು. ಹೇಳಲು ಹೋಗಲಿಲ್ಲ.

ಹಿತ್ತಲು ಅಂದರೆ ಒಂದು ತುಂಡು ಹುಲ್ಲು, ನಾಲ್ಕು ಕಲ್ಲುಚಪ್ಪಡಿ, ಮನೆ ಬೆಚ್ಚಗಿಡುವ ಹೀಟರಿನ ಹಸಿರು ಎಣ್ಣೆ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ. ಆಚೆ ಕೆಥೀಡ್ರಲ್ಲಿನ ಗೋಪುರ. ಮಳೆ ಮೇಲಿಂದ ಬೀಳುತ್ತಿರಲಿಲ್ಲ, ಪಕ್ಕದಿಂದ ಬರುತ್ತಿತ್ತು. ಎದೆಮಟ್ಟದ ಮೋಟುಗೋಡೆಯ ಆಚೆ ಪಕ್ಕದವರ ಹಿತ್ತಲು. ಏಪ್ರಿಲ್‌ನಲ್ಲಿ ಒಂದು ಸಂಜೆ ನಾನು ಸೀರೆ ಒಣಹಾಕುತ್ತಿದ್ದಾಗ ಅಲ್ಲಿ ಆಲೂಗಡ್ಡೆ ನೆಡುತ್ತಿದ್ದ ಹಿರಿಯರೊಬ್ಬರು ಸೊಂಟ ನೇರ ಮಾಡಿಕೊಂಡು ಗುಡ್ ಈವ್ನಿಂಗ್ ಅಂದರು. ಮಿಸ್ಟರ್ ಬೋಟೆಂಗ್. ಘಾನಾ ದೇಶದ ಕುಮಾಸಿಯವರು. ಸ್ಕೂಲ್ ಬಸ್ ಓಡಿಸುತ್ತಿದ್ದರು. ಸ್ಕೂಲು ಮುಚ್ಚಿದ್ದರಿಂದ ಬಸ್ಸಿಗೂ ರಜೆ. ಹೆಂಡತಿ ಗ್ರೇಸ್ ವೃದ್ಧರ ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತಿದ್ದರು. ನಮ್ಮಿಬ್ಬರ ಮನೆಯಲ್ಲೂ ದುಡಿಯುವವರು ರೋಗದ ಬಾಯಿಗೆ ಹೋಗಿ ಬರುವವರು, ಕಾಯುವವರು ಹಿತ್ತಲಿನಲ್ಲಿ.

"ಮೇಡಂ ಊರಿನಲ್ಲಿ ಏನು ಮಾಡುತ್ತಿದ್ದಿರಿ?" ಎಂದು ಕೇಳಿದರು.

"ಟೀಚರ್. ಮೂವತ್ತನಾಲ್ಕು ವರ್ಷ ಹಿಸ್ಟರಿ."

ಅವರು ಗುದ್ದಲಿಯನ್ನು ನೆಲಕ್ಕೆ ಊರಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ನಕ್ಕರು. ಅವರೂ ಕುಮಾಸಿಯಲ್ಲಿ ಹದಿನೇಳು ವರ್ಷ ಹಿಸ್ಟರಿ ಮೇಷ್ಟ್ರಾಗಿದ್ದವರು. ಇಲ್ಲಿ ಆ ಸರ್ಟಿಫಿಕೇಟು ನಡೆಯಲಿಲ್ಲ, ಡ್ರೈವಿಂಗ್ ಲೈಸೆನ್ಸು ನಡೆಯಿತು. "ಮಕ್ಕಳನ್ನು ಈಗಲೂ ಸ್ಕೂಲಿಗೆ ಮುಟ್ಟಿಸುತ್ತಿದ್ದೇನೆ, ಅಲ್ಲವೇ?" ಅಂದರು.

ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ನೆನಪಿನಲ್ಲಿ ಮಾತ್ರ ಅವರು ಕನ್ನಡದಲ್ಲೇ ಮಾತಾಡುತ್ತಾರೆ, ಯಾಕೋ ತಿಳಿಯದು.

ಎರಡನೆಯ ದಿನವೇ ಪರೀಕ್ಷೆ ಶುರು ಮಾಡಿದರು. "ಮೇಡಂ ಟೀಚರ್, ಮೂವತ್ತನಾಲ್ಕು ವರ್ಷದಲ್ಲಿ ಆಫ್ರಿಕಾದ ಎಷ್ಟು ರಾಜರಿಗೆ ಪಾಠ ಹೇಳಿದಿರಿ?"

"ರಾಜರಿಗಲ್ಲ, ಮಕ್ಕಳಿಗೆ."

"ಸರಿ, ಮಕ್ಕಳಿಗೆ. ಎಷ್ಟು ರಾಜರ ಬಗ್ಗೆ?"

ನಾನು ಬಹಳ ಹೊತ್ತು ಯೋಚಿಸಿ, "ಕ್ಲಿಯೋಪಾತ್ರಾ!" ಅಂದೆ.

ಅವರು ನಗುತ್ತಾ ನಗುತ್ತಾ ಕೆಮ್ಮಿದರು; ಆ ವರ್ಷ ಯಾರಾದರೂ ಕೆಮ್ಮಿದರೆ ಎದೆ ಝಲ್ಲೆನ್ನುತ್ತಿತ್ತು. "ಕ್ಲಿಯೋಪಾತ್ರಾ ಗ್ರೀಕರ ಮನೆಯ ಹೆಣ್ಣುಮಗಳು, ಮೇಡಂ. ಸೊನ್ನೆ. ಔಟ್ ಆಫ್ ಟೆನ್, ಸೊನ್ನೆ."

ನಾಚಿಕೆಯಾಯಿತು. ನನ್ನನ್ನು ಓದಿಸಿದ್ದು ಐರಿಷ್ ಸಿಸ್ಟರುಗಳು ನಡೆಸುತ್ತಿದ್ದ ಕಾನ್ವೆಂಟು. ಇಂಗ್ಲೆಂಡಿನ ರಾಜರೆಲ್ಲರ ಹೆಸರು ವರಸೆಯಾಗಿ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಹೇಳಿಯೂ ತೋರಿಸಿದೆ. ಬೋಟೆಂಗ್ ಕೇಳಿ, "ಇಂಗ್ಲೆಂಡಿನ ರಾಜರು, ಐರಿಷ್ ಸಿಸ್ಟರು, ಇಂಡಿಯಾದ ಹುಡುಗಿ. ಆ ಸಿಸ್ಟರ್ ರಾತ್ರಿ ಹೇಗೆ ನಿದ್ದೆ ಮಾಡುತ್ತಿದ್ದರೋ!" ಅಂದರು. ಆಫ್ರಿಕಾ ಅಂದರೆ ನಮ್ಮ ಕಾನ್ವೆಂಟಿನಲ್ಲಿ ಕಾರಿಡಾರಿನ ಕೊನೆಯಲ್ಲಿದ್ದ ಒಂದು ಹುಂಡಿ. ಅದರ ಮೇಲೆ ಮೊಣಕಾಲೂರಿ ಕೈ ಮುಗಿದ ಕಪ್ಪು ಮಗುವಿನ ಗೊಂಬೆ. ಕಾಸು ಹಾಕಿದರೆ ಆ ಮಗು ಥ್ಯಾಂಕ್ಯೂ ಅನ್ನುವ ಹಾಗೆ ತಲೆ ಆಡಿಸುತ್ತಿತ್ತು. ತಲೆ ಆಡುವುದನ್ನು ನೋಡುವುದಕ್ಕಾಗಿಯೇ ನಾವು ಕಾಸು ಹಾಕುತ್ತಿದ್ದೆವು. ಇದನ್ನು ಅವರಿಗೆ ಹೇಳಲಿಲ್ಲ.

ಹೀಗೆ ಶುರುವಾಯಿತು. ದಿನಾ ಸಂಜೆ ನಾಲ್ಕಕ್ಕೆ, ಗೋಡೆಯ ಆಚೆ ಅವರು, ಈಚೆ ನಾನು, ನಡುವೆ ಎರಡು ಮೀಟರ್. ಅವರ ಕೈಯಲ್ಲಿ ಚಾಕೊಲೇಟ್ ಹಾಲಿನಂಥ ಮಿಲೋ, ನನ್ನ ಕೈಯಲ್ಲಿ ಕಾಫಿ. ದಿನಕ್ಕೊಬ್ಬ ರಾಜ ಅಥವಾ ರಾಣಿ, ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು. ನಾನು ಇಶಾಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಇಶಾ ಎಣ್ಣೆ ಟ್ಯಾಂಕಿನ ಪಕ್ಕ ಕೂತು ಕೇಳುತ್ತಿದ್ದಳು. ಅವರು ಬರುವುದು ಐದು ನಿಮಿಷ ತಡವಾದರೆ, "ಅಜ್ಜಿ, ಹೀ ಈಸ್ ಅ ವೀ ಬಿಟ್ ಲೇಟ್," ಎಂದು ಆ ಸೀಮೆಯ ಡೊನೆಗಾಲ್ ರಾಗದಲ್ಲಿ ವರದಿ ಒಪ್ಪಿಸುತ್ತಿದ್ದಳು.

ಕುಷ್ ದೇಶದ ಅಮಾನಿರೇನಾಸ್ ಬಂದಳು, ಒಂದು ಕಣ್ಣಿಲ್ಲದವಳು, ರೋಮಿನ ಸೈನ್ಯವನ್ನು ಎದುರಿಸಿದವಳು. ಅವಳ ಕಾಲದವರು ರೋಮಿನ ಚಕ್ರವರ್ತಿಯ ಕಂಚಿನ ತಲೆಯನ್ನು ಕಿತ್ತು ತಂದು ಗುಡಿಯ ಮೆಟ್ಟಿಲ ಕೆಳಗೆ ಹೂತಿದ್ದರು, ಬಂದುಹೋಗುವವರೆಲ್ಲ ತುಳಿಯಲಿ ಎಂದು. ನಾನು ಅವತ್ತು ಪುಲಕೇಶಿಯನ್ನು ಕಣಕ್ಕೆ ಬಿಟ್ಟೆ. ಮಾಲಿಯ ಮಾನ್ಸಾ ಮೂಸಾ ಬಂದ, ಹಜ್ ಯಾತ್ರೆಗೆ ಹೋಗುತ್ತಾ ಕೈರೋದಲ್ಲಿ ಎಷ್ಟು ಚಿನ್ನ ಹಂಚಿದನೆಂದರೆ ಅಲ್ಲಿ ಚಿನ್ನಕ್ಕೆ ಬೆಲೆಯೇ ಬಿದ್ದುಹೋಯಿತಂತೆ. ಅಂಗೋಲಾದ ಎನ್‌ಜಿಂಗಾ ಬಂದ ದಿನ ಮಾತ್ರ ನಾವಿಬ್ಬರೂ ಗೋಡೆಗೆ ತೀರ ಹತ್ತಿರ ಬಂದುಬಿಟ್ಟಿದ್ದೆವು. ಪೋರ್ಚುಗೀಸ್ ಗವರ್ನರನ ಜೊತೆ ಮಾತುಕತೆಗೆ ಹೋದಾಗ ಅವಳಿಗೆ ಕೂರಲು ಕುರ್ಚಿ ಇಟ್ಟಿರಲಿಲ್ಲ. ಅವಳ ಪರಿವಾರದವರೊಬ್ಬರು ನೆಲಕ್ಕೆ ಕೈ ಊರಿ ಬಗ್ಗಿದರು. ಅವರ ಬೆನ್ನ ಮೇಲೆ ಕೂತು ಅವಳು ಸರಿಸಮವಾಗಿ ಮಾತಾಡಿದಳು.

"ನಮ್ಮಲ್ಲೂ ಒಬ್ಬಳಿದ್ದಾಳೆ, ಅದೇ ಪೋರ್ಚುಗೀಸರ ಜೊತೆ ಹೊಡೆದಾಡಿದವಳು," ಎಂದು ಉಳ್ಳಾಲದ ಅಬ್ಬಕ್ಕನ ಕಥೆ ಹೇಳಿದೆ.

"ಹಾಗಾದರೆ ನಿಮ್ಮವಳೂ ನಮ್ಮವಳೂ ಒಂದೇ ತಲೆನೋವಿಗೆ ಮದ್ದು ಅರೆದವರು. ಫುಲ್ ಮಾರ್ಕ್ಸ್, ಮೇಡಂ ಟೀಚರ್."

ಒಳಗಿನಿಂದ ಗ್ರೇಸ್ ಕೂಗಿದರು: "ಮೇಷ್ಟ್ರೇ, ಊಟಕ್ಕೆ ಬರ್ತೀರೋ, ಎನ್‌ಜಿಂಗಾನೇ ಬಡಿಸ್ತಾಳೋ?"

ಜುಲೈ ಕೊನೆಯಲ್ಲಿ ಇರಬೇಕು, ನಾನು ಹೆಮ್ಮೆಯಿಂದ ಮಲಿಕ್ ಅಂಬರನನ್ನು ತಂದೆ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ನಮ್ಮ ದಖ್ಖನಿಗೆ ಬಂದು ಅಹ್ಮದ್‌ನಗರದ ರಾಜ್ಯವನ್ನೇ ಆಳಿದವನು. ಬೋಟೆಂಗ್ ಕಣ್ಣರಳಿಸಿ ಕೇಳಿದರು. ಅವನಂಥವರ ಸಂತತಿ ಇನ್ನೂ ಇದೆಯೇ ಎಂದರು. ಇದ್ದಾರೆ, ಸಿದ್ದಿಗಳು ಅಂತ, ಯಲ್ಲಾಪುರದ ಕಾಡಿನ ಕಡೆ, ನಮ್ಮ ತಂದೆ ಫಾರೆಸ್ಟ್ ಆಫೀಸರಾಗಿ ಅಲ್ಲಿದ್ದಾಗ ನಮ್ಮ ಮನೆಗೆ ಜೇನುತುಪ್ಪ ತರುತ್ತಿದ್ದರು ಎಂದೆ.

"ಮನೆಗೆ ಬರುತ್ತಿದ್ದರೆ? ಎಲ್ಲಿ ಕೂರುತ್ತಿದ್ದರು?"

ಮೇಷ್ಟ್ರ ಪ್ರಶ್ನೆ ಅದು. ಉತ್ತರ ಗೊತ್ತಿದ್ದೇ ಕೇಳುವ ಪ್ರಶ್ನೆ. "ಅಂಗಳದಲ್ಲಿ," ಅಂದೆ. ಅವರು ಸರಿ ಎಂಬಂತೆ ಗೋಣು ಹಾಕಿ ಮಿಲೋ ಕುಡಿದರು. ಆಮೇಲೆ ಆಲೂಗಡ್ಡೆಗೆ ಬಿದ್ದ ರೋಗದ ವಿಷಯ ತೆಗೆದರು.

ಅವರು ತಮ್ಮದೇ ಜನದ ರಾಣಿಯನ್ನು ಕೊನೆಗೆ ಇಟ್ಟುಕೊಂಡಿದ್ದರು. ಯಾ ಅಸಾಂತೆವಾ. ಅಸಾಂತೆ ಜನರಿಗೆ ಒಂದು ಚಿನ್ನದ ಪೀಠವಿದೆ; ಅದರ ಮೇಲೆ ರಾಜನೂ ಕೂರುವುದಿಲ್ಲ, ಅದು ನೆಲ ಮುಟ್ಟುವುದಿಲ್ಲ, ಅದರೊಳಗೆ ಇಡೀ ಜನಾಂಗದ ಪ್ರಾಣವಿದೆ ಅನ್ನುತ್ತಾರೆ. ಬ್ರಿಟಿಷ್ ಗವರ್ನರನೊಬ್ಬ ಬಂದು, ಆ ಪೀಠ ಎಲ್ಲಿ, ನಾನು ಕೂರಬೇಕು ಎಂದು ಕೇಳಿದ. ಗಂಡಸರು ತಲೆ ತಗ್ಗಿಸಿದಾಗ ಎದ್ದು ನಿಂತವಳು ಆ ಮುದುಕಿ. ಯುದ್ಧದಲ್ಲಿ ಸೋತಳು, ಸಮುದ್ರದ ನಡುವಿನ ದ್ವೀಪಕ್ಕೆ ಗಡೀಪಾರಾಗಿ ಅಲ್ಲೇ ಸತ್ತಳು. ಪೀಠ ಮಾತ್ರ ಅವರ ಕೈಗೆ ಸಿಗಲಿಲ್ಲ.

"ಊರಿಗೆ ಹಿಂದಿರುಗಲಿಲ್ಲವೇ?" ಎಂದೆ.

"ದೇಹ ಆಮೇಲೆ ಹಿಂದಿರುಗಿತು," ಅಂದರು. ಆ ಹೊತ್ತಿನಲ್ಲಿ ನಾನು ನನ್ನ ಬಗ್ಗೆಯೇ ಯೋಚಿಸುತ್ತಿದ್ದೆ, ಅವರ ಬಗ್ಗೆ ಅಲ್ಲ.

ಸೆಪ್ಟೆಂಬರಿನಲ್ಲಿ ಸ್ಕೂಲು ತೆರೆಯಿತು. ಬೋಟೆಂಗ್ ಮೇಷ್ಟ್ರು ಮಾಸ್ಕು ಹಾಕಿಕೊಂಡು ಬಸ್ಸು ಹತ್ತಿದರು. ನಾಲ್ಕು ಗಂಟೆಯ ಪಾಠ ನಾಲ್ಕೂವರೆಗೆ ಸರಿಯಿತು.

ಅಕ್ಟೋಬರಿನಲ್ಲಿ ನವರಾತ್ರಿ. ನನ್ನ ಪಟ್ಟದ ಗೊಂಬೆಗಳು, ನನ್ನ ತಾಯಿ ಮದುವೆಯಲ್ಲಿ ಕೊಟ್ಟ ಕೆಂಪು ಚಂದನದ ರಾಜರಾಣಿ, ಮೈಸೂರಿನ ಟ್ರಂಕಿನಲ್ಲಿದ್ದವು. ಪಟ್ಟದ ಗೊಂಬೆ ಇಲ್ಲದೆ ಗೊಂಬೆ ಕೂರಿಸುವುದು ಹೇಗೆ? ನಾನು ಪೇಚಾಡುವುದನ್ನು ನೋಡಿ ಇಶಾ ತನ್ನ ಮಾಡೆಲಿಂಗ್ ಕ್ಲೇ ತಂದು ಮೇಜಿನ ಮೇಲೆ ಸುರಿದಳು. "ವಿ ಹ್ಯಾವ್ ಲೋಡ್ಸ್ ಆಫ್ ಕಿಂಗ್ಸ್, ಅಜ್ಜಿ. ಇಟ್ಸ್ ಆಲ್ ಇನ್ ದ ನೋಟ್‌ಬುಕ್." ನಾವಿಬ್ಬರೂ ಹತ್ತು ದಿನ ಕೂತು ಮಾಡಿದೆವು. ಮೂಸಾನಿಗೆ ಚಾಕೊಲೇಟಿನ ಚಿನ್ನದ ಕಾಗದ. ಅಮಾನಿರೇನಾಸಳಿಗೆ ಒಂದೇ ಕಣ್ಣು. ಪಟ್ಟಕ್ಕೆ ಯಾರು ಎಂದರೆ ಇಶಾ ಒಂದು ಕ್ಷಣವೂ ಯೋಚಿಸದೆ ಅಬ್ಬಕ್ಕನನ್ನೂ ಎನ್‌ಜಿಂಗಾಳನ್ನೂ ಎತ್ತಿಟ್ಟಳು. ರಾಜನೇ ಇಲ್ಲದ ಪಟ್ಟ. ನಮ್ಮ ತಾಯಿ ಇದ್ದಿದ್ದರೆ ಕೆನ್ನೆ ಬಡಿದುಕೊಳ್ಳುತ್ತಿದ್ದರು.

ಗೋಡೆಯ ಬಳಿ ಇದನ್ನು ಹೇಳಿದಾಗ ಬೋಟೆಂಗ್ ಮಿಲೋ ಲೋಟವನ್ನು ಗೋಡೆಯ ಮೇಲಿಟ್ಟರು. "ಎನ್‌ಜಿಂಗಾ ಎಲ್ಲಿ ಕೂರುತ್ತಾಳೆ? ಮತ್ತೆ ಯಾರದಾದರೂ ಬೆನ್ನ ಮೇಲೋ?" ಎಂದು ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಸ್ಟೂಲಿತ್ತು. ಮೊಣಕಾಲೆತ್ತರ, ಬಾಳೆದಿಂಡಿನಂತೆ ಬಿಳಿಚಿಕೊಂಡ ಮರ, ಒಂದೇ ದಿಮ್ಮಿಯಲ್ಲಿ ಕಡೆದದ್ದು. ಆಸನದ ಎರಡು ಅಂಚೂ ದೋಣಿಯಂತೆ ಮೇಲೆ ಬಾಗಿದ್ದವು. ಅವರ ತಾಯಿಯದಂತೆ, ಶನಿವಾರ ಶನಿವಾರ ಮರಳು ಹಾಕಿ ಉಜ್ಜಿ ಉಜ್ಜಿ ಅದು ಬೆಳ್ಳಗಾಗಿತ್ತಂತೆ. ಸೂಟ್‌ಕೇಸಿನಲ್ಲಿ ಬಟ್ಟೆ ಕಡಿಮೆ ಮಾಡಿ ಅದನ್ನು ತಂದಿದ್ದರು. ಗೋಡೆಯ ಮೇಲಿಟ್ಟು ಎರಡು ಮೀಟರ್ ಹಿಂದೆ ಸರಿದರು.

"ಒಂದು ಮಾತು. ಯಾರೂ ಕೂತಿಲ್ಲದಾಗ ಇದನ್ನು ಪಕ್ಕಕ್ಕೆ ಮಲಗಿಸಿಡಿ. ನಿಲ್ಲಿಸಿಡಬೇಡಿ. ಖಾಲಿ ಪೀಠ ಕಂಡರೆ ಯಾರ್ಯಾರೋ ಬಂದು ಕೂರುತ್ತಾರೆ."

"ಯಾರು?"

"ಕರೆಯದೆ ಬರುವವರು," ಎಂದು ನಕ್ಕರು.

ನಾನು ಆಗಲಿ ಅಂದೆ. ಸ್ಟಾಫ್ ಮೀಟಿಂಗಿನಲ್ಲಿ ಆಗಲಿ ಅನ್ನುತ್ತಿದ್ದ ಹಾಗೆ. ನಮ್ಮಲ್ಲಿ ಗೊಂಬೆಯನ್ನು ಮಲಗಿಸುವುದು ಹಬ್ಬ ಮುಗಿದ ಮೇಲೆ, ವಿಜಯದಶಮಿಯ ದಿನ. ಹಬ್ಬಕ್ಕೆ ಮೊದಲೇ ಪಟ್ಟದ ಪೀಠವನ್ನು ಮಲಗಿಸಿದರೆ ಅಪಶಕುನವಲ್ಲವೇ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ಕೇಳಬಹುದಿತ್ತು. ಎರಡು ಮೀಟರ್ ದೂರದಲ್ಲಿ ಇದ್ದರು.

ಆ ವರ್ಷ ಹೊರಗಿನಿಂದ ಬಂದದ್ದಕ್ಕೆಲ್ಲ ನಮ್ಮ ಮನೆಯಲ್ಲಿ ಮೂರು ದಿನದ ವನವಾಸ. ಸ್ಟೂಲನ್ನು ಕಲ್ಲುಚಪ್ಪಡಿಯ ಮೇಲಿಟ್ಟು ಡೆಟಾಲ್ ಹಾಕಿ ಒರೆಸಿದೆ. ಆಮೇಲೆ ಒಂದು ಚೆಂಬು ನೀರಿಗೆ ಅರಿಶಿನ ಕದಡಿ ಮೇಲಿಂದ ಸುರಿದೆ. ದೇವರ ಮುಂದೆ ಇಡುವ ವಸ್ತುವಲ್ಲವೇ. ತಲೆ ಎತ್ತಿದಾಗ ಪಕ್ಕದ ಮನೆಯ ಮಹಡಿಯ ಕಿಟಕಿಯಲ್ಲಿ ಪರದೆ ಅಲುಗಿದ ಹಾಗಾಯಿತು. ಗಾಳಿ ಇರಬೇಕು.

ಮೂರು ಹಗಲು, ಮೂರು ರಾತ್ರಿ ಆ ಪೀಠ ಹಿತ್ತಲಿನಲ್ಲಿ ನೆಟ್ಟಗೆ, ಖಾಲಿಯಾಗಿ ನಿಂತಿತ್ತು. ಮಳೆ ಬಂತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗೆಲ್ಲ ಅದು ಕಣ್ಣೆದುರು. ಮೂರನೆಯ ದಿನ ಸಂಜೆ ಮಂಜು ಇಳಿದಾಗ, ಯಾರೋ ಬೆನ್ನು ಮಾಡಿ ಅದರ ಮೇಲೆ ಕೂತ ಹಾಗೆ ಕಂಡಿತು. ಕನ್ನಡಕ ಒರೆಸಿಕೊಂಡು ನೋಡಿದೆ. ಏನೂ ಇರಲಿಲ್ಲ.

ಆ ಮೂರು ದಿನವೂ ಅವರು ಗೋಡೆಯ ಬಳಿ ಬರಲಿಲ್ಲ.

ಗೊಂಬೆ ಕೂರಿಸಿದೆವು. ಬಿಳಿಯ ಮರ ಅರಿಶಿನವನ್ನು ಕುಡಿದುಬಿಟ್ಟಿತ್ತು. ಎಷ್ಟು ಉಜ್ಜಿದರೂ ಆಸನದ ತಗ್ಗಿನಲ್ಲಿ ಹಳದಿ ಉಳಿಯಿತು. ಮೇಲೊಂದು ರೇಷ್ಮೆ ಚೌಕ ಹಾಸಿ ಅದರ ಮೇಲೆ ಎನ್‌ಜಿಂಗಾಳನ್ನೂ ಅಬ್ಬಕ್ಕನನ್ನೂ ಕೂರಿಸಿದೆ. ಫೋಟೋ ತೆಗೆದು ಗ್ರೇಸ್ ಫೋನಿಗೆ ಕಳಿಸಿದೆ. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ನಾಲ್ಕೂವರೆಗೆ ಹಿತ್ತಲಿನಲ್ಲಿ ನಿಂತೆ. ಅರ್ಧ ಗಂಟೆ ನಿಂತೆ. ಸಿಟ್ಟು ಬಂದಿದೆ ಅವರಿಗೆ, ಎಂದುಕೊಂಡೆ. ಹೋಗಿ ಬಾಗಿಲು ತಟ್ಟಿ ಹೇಳಿಬಿಡಬೇಕು. ಏನೆಂದು ಹೇಳಲಿ? ಮಲಗಿಸಲಿಲ್ಲ ಎಂದೇ? ತೊಳೆದೆ ಎಂದೇ? ನಾಳೆ ಅಂದುಕೊಂಡೆ.

ಹಬ್ಬದ ಐದನೆಯ ದಿನ ಇಶಾ ಸ್ಕೂಲಿನಿಂದ ಬಂದು ಬ್ಯಾಗು ಇಳಿಸುತ್ತಾ, "ದೇರ್ಸ್ ಬೀನ್ ಅ ಡಿಫರೆಂಟ್ ಮ್ಯಾನ್ ಆನ್ ದ ಬಸ್ ಆಲ್ ವೀಕ್," ಅಂದಳು. ಏಳನೆಯ ದಿನ ನಾನು ಸರಸ್ವತಿಯ ಮುಂದೆ ಆ ನೋಟ್‌ಬುಕ್ ಇಟ್ಟು ಕುಂಕುಮ ಹಚ್ಚುತ್ತಿದ್ದಾಗ ರಸ್ತೆಯಲ್ಲಿ ಆಂಬುಲೆನ್ಸ್ ನಿಂತಿತು. ಸದ್ದು ಮಾಡದೆ ಬಂದಿತ್ತು. ಮಾಸ್ಕು, ಗೌನು ತೊಟ್ಟ ಇಬ್ಬರ ನಡುವೆ ಬೋಟೆಂಗ್ ಮೇಷ್ಟ್ರು ನಡೆದುಕೊಂಡೇ ಹೋದರು, ಕೋಟಿನ ಗುಂಡಿ ಹಾಕಿಕೊಂಡು. ನಾನು ಕಿಟಕಿಯಲ್ಲಿ ಕೈ ಎತ್ತಿದೆ. ಅವರು ಈ ಕಡೆ ನೋಡಲಿಲ್ಲ.

ಅವರಿದ್ದ ವಾರ್ಡು ಶುಭಾಳದು. ಅವಳು ಏನನ್ನೂ ಹೇಳುವ ಹಾಗಿರಲಿಲ್ಲ, ನಾನು ಕೇಳುವ ಹಾಗಿರಲಿಲ್ಲ. ಆದರೂ ಒಂದು ಸಂಜೆ ಮೆಟ್ಟಿಲ ಮೇಲಿಂದ ಕೇಳಿದೆ.

"ಶುಭಾ, ಅವರಿಗೆ ನನ್ನದೊಂದು ಮಾತು ಹೇಳ್ತೀಯಾ? ಮೇಡಂ ಟೀಚರ್ ಸಾರಿ ಅಂದ್ರು ಅಂತ."

"ಯಾಕೆ ಸಾರಿ?"

"ಸುಮ್ನೆ ಹೇಳೇ."

"ಅಮ್ಮ, ಅವ್ರ ಮುಖದ ಮೇಲೆ ಮೆಷಿನ್ ಮಾಸ್ಕ್ ಕಟ್ಟಿದೀವಿ. ಉಸಿರಾಡೋದೇ ಒಂದು ಕೆಲಸ ಅವ್ರಿಗೆ. ನಾನು ಹೋಗಿ ಯಾವ್ದೋ ಸ್ಟೂಲ್ ವಿಷ್ಯ ಹೇಳ್ಲಾ?"

"ಸ್ಟೂಲಿನದು ಅಂತ ನಿಂಗ್ಯಾರು ಹೇಳಿದ್ದು?"

ಶುಭಾ ತುತ್ತು ಕೆಳಗಿಟ್ಟಳು. "ನಾನೂ ಇದೇ ಮನೇಲಿ ಇರೋದು ಅಮ್ಮ. ನಂಗೂ ಕಣ್ಣಿದಾವೆ."

ಎರಡು ದಿನ ಬಿಟ್ಟು ಅವಳೇ ಅಂದಳು: "ಹೇಳ್ದೆ. ತಲೆ ಆಡಿಸಿದ್ರು."

ತಲೆ ಆಡಿಸಿದ್ರು. ನನಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಕಾನ್ವೆಂಟಿನ ಕಾರಿಡಾರಿನ ಕೊನೆಯಲ್ಲಿದ್ದ ಆ ಗೊಂಬೆಯ ತಲೆ ಅಂದಿನಿಂದ ನನ್ನ ಕಣ್ಣಿನ ಹಿಂದೆ ಆಡತೊಡಗಿತು. ಶುಭಾ ಚಿಕ್ಕವಳಿದ್ದಾಗ ಸುಳ್ಳು ಹೇಳಿದರೆ ಎಡಗಿವಿ ಮುಟ್ಟಿಕೊಳ್ಳುತ್ತಿದ್ದಳು. ಅವತ್ತು ಮುಟ್ಟಿಕೊಂಡಳೋ ಇಲ್ಲವೋ, ಮಾಸ್ಕಿನ ದಾರ ಸರಿಮಾಡಿಕೊಳ್ಳುತ್ತಿದ್ದುದರಿಂದ ತಿಳಿಯಲಿಲ್ಲ.

ವಿಜಯದಶಮಿ ಬಂತು. ಗೊಂಬೆ ಮಲಗಿಸಬೇಕು. ನನ್ನ ಕೈ ಬರಲಿಲ್ಲ. ಹತ್ತು ದಿನ, ಹದಿನೈದು ದಿನ, ಮೂರು ವಾರವಾದರೂ ರಾಣಿಯರನ್ನು ಹಾಗೇ ಎಚ್ಚರವಾಗಿ ಕೂರಿಸಿದ್ದೆ. ದಿನಾ ಸಂಜೆ ದೀಪ. ಜೀವನದಲ್ಲಿ ಒಮ್ಮೆಯೂ ಶಾಸ್ತ್ರ ಮೀರದವಳು ಆ ವರ್ಷ ಹಬ್ಬವನ್ನು ಮುಗಿಯಲು ಬಿಡಲಿಲ್ಲ. "ಅಜ್ಜಿ, ಇಟ್ಸ್ ನಿಯರ್ಲೀ ಕ್ರಿಸ್ಮಸ್," ಅಂದಳು ಇಶಾ. ಇನ್ನೆರಡು ದಿನ ಕಂದ, ಅಂದೆ. ಎನ್‌ಜಿಂಗಾಳ ಮಣ್ಣು ಒಣಗಿ ಕುತ್ತಿಗೆಯಲ್ಲಿ ಬಿರುಕು ಬಿಟ್ಟಿತ್ತು.

ನವೆಂಬರಿನ ಒಂದು ಮಧ್ಯಾಹ್ನ ಶುಭಾ ಹೊತ್ತಿಗೆ ಮುಂಚೆ ಬಂದಳು. ಗರಾಜಿನಲ್ಲಿ ಬಟ್ಟೆ ಬದಲಿಸದೆ, ಕಾರಿನಲ್ಲೇ ಕೂತಿದ್ದಳು. ಕಿಟಕಿಯಿಂದ ನೋಡಿ ನನಗೆ ಅರ್ಥವಾಯಿತು. ಒಳಗೆ ಹೋಗಿ ಇಬ್ಬರು ರಾಣಿಯರನ್ನೂ ಮಲಗಿಸಿದೆ. ರೇಷ್ಮೆ ಚೌಕ ಮಡಚಿದೆ. ಆಮೇಲೆ ಪೀಠವನ್ನು ಪಕ್ಕಕ್ಕೆ ಮಲಗಿಸಿದೆ, ಅವರು ಹೇಳಿದ್ದ ಹಾಗೆ.

ಕುಮಾಸಿಯಲ್ಲಾಗಿದ್ದರೆ ಸಾವಿರ ಜನ ಕಪ್ಪು ಕೆಂಪು ಬಟ್ಟೆಯುಟ್ಟು ಡೋಲು ಹೊಡೆಯುತ್ತಿದ್ದರು ಎಂದು ಗ್ರೇಸ್ ಆಮೇಲೆ ಹೇಳಿದರು. ಇಲ್ಲಿ ಬೆರಳೆಣಿಕೆಯ ಜನ. ಆ ವರ್ಷ ಐರ್ಲೆಂಡಿನಲ್ಲಿ ಶವದ ಕಾರು ಹೋಗುವಾಗ ಜನ ತಂತಮ್ಮ ಬಾಗಿಲಲ್ಲೇ ನಿಂತು ಕಳಿಸಿಕೊಡುತ್ತಿದ್ದರು. ನಾವೂ ನಿಂತೆವು. ಕೆಂಪು ಅಂಚಿನ ಕಪ್ಪು ಇಳಕಲ್ ಸೀರೆ ಉಟ್ಟಿದ್ದೆ. ಕಾರಿನ ಹಿಂದೆ ಅವರ ಸ್ಕೂಲ್ ಬಸ್ಸು ಲೈಟು ಹಾಕಿಕೊಂಡು ನಿಧಾನವಾಗಿ ಬಂತು. ಡ್ರೈವರನನ್ನು ಬಿಟ್ಟರೆ ಒಳಗೆ ಯಾರೂ ಇರಲಿಲ್ಲ. ಸಾಲು ಸಾಲು ಸೀಟುಗಳು. ನಾನು ಕಣ್ಣು ಮುಚ್ಚಿಕೊಂಡೆ.

ಎರಡು ವಾರ ಕಳೆದ ಮೇಲೆ ಗ್ರೇಸ್ ನಮ್ಮ ಬಾಗಿಲಿಗೆ ಬಂದರು. ಕಪ್ಪು ಬಟ್ಟೆ, ತಲೆಗೆ ಕೆಂಪು ವಸ್ತ್ರ. ಮೇನೂತಿನಲ್ಲಿರುವ ಮಗನ ಹತ್ತಿರ ಹೋಗುತ್ತಿದ್ದೇನೆ, ಅತ್ತೆಯ ಸ್ಟೂಲು ತೆಗೆದುಕೊಂಡು ಹೋಗಲು ಬಂದೆ ಎಂದರು. ಒಳಗಿನಿಂದ ತಂದು ಹೊಸಿಲಿನ ಆಚೆ, ಪಕ್ಕಕ್ಕೆ ಮಲಗಿಸಿ ಇಟ್ಟು, ಎರಡು ಮೀಟರ್ ಹಿಂದೆ ಸರಿದೆ. ಅವರು ಬಗ್ಗಿ ಎತ್ತಿದರು. ಆಸನದ ತಗ್ಗಿನಲ್ಲಿ ಹೆಬ್ಬೆರಳು ಆಡಿಸಿದರು.

"ಇದೇನು ಹಳದಿ, ಆಂಟಿ?"

"ಅರಿಶಿನ. ನಮ್ಮಲ್ಲಿ... ಅದು ಡಿಸಿನ್ಫೆಕ್ಟಂಟ್."

ಗ್ರೇಸ್ ತಲೆ ಎತ್ತಲಿಲ್ಲ. "ಅವರು ಮಹಡಿಯ ಕಿಟಕಿಯಲ್ಲಿ ಇದ್ದರು ಅವತ್ತು. ಆಗಲೇ ಮೈ ಕಾಯುತ್ತಿತ್ತು. 'ತೊಳೀತಿದ್ದಾರೆ ನೋಡು,' ಅಂದರು. ನಾನು, ವೈರಸ್‌ಗೆ ಇರಬೇಕು ಬಿಡಿ, ನಮ್ಮ ನರ್ಸಿಂಗ್ ಹೋಮಿನಲ್ಲಿ ಕುರ್ಚಿ ಕುರ್ಚಿಯನ್ನೂ ತೊಳೀತೀವಿ, ಅಂದೆ. ಅವರು ಗೋಡೆ ಕಡೆ ತಿರುಗಿ ಮಲಗಿಕೊಂಡರು. ಮೂರು ದಿನವೂ ಎದ್ದೆದ್ದು ಹೋಗಿ ಆ ಕಿಟಕಿಯಲ್ಲಿ ನಿಲ್ಲುತ್ತಿದ್ದರು." ಈಗ ಅವರು ನನ್ನ ಮುಖ ನೋಡಿದರು. ಮಾಸ್ಕಿನ ಮೇಲೆ ಎರಡೇ ಕಣ್ಣು. "ಹೇಳಿ ಆಂಟಿ. ವೈರಸ್‌ಗೆ ತಾನೇ?"

ಮೂವತ್ತನಾಲ್ಕು ವರ್ಷ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದವಳು ನಾನು. ನಿಂತೇ ಇದ್ದೆ. ಮಳೆ ಪಕ್ಕದಿಂದ ಬರುತ್ತಿತ್ತು. ಅವರು ಕಾಯುತ್ತಿದ್ದರು, ನನ್ನನ್ನು ಹಿಡಿಯಲಿಕ್ಕಲ್ಲ, ಆ ಮಾತನ್ನು ಮೇನೂತಿಗೆ ಒಯ್ಯಲಿಕ್ಕೆ.

"ಹೌದು," ಅಂದೆ. "ವೈರಸ್‌ಗೇ."

"ಗ್ರಾಂಡ್," ಅಂದರು ಗ್ರೇಸ್, ಅಲ್ಲಿಯವರು ಸರಿ ಅನ್ನುವ ಹಾಗೆ. ಪೀಠವನ್ನು ಮಗುವಿನಂತೆ ಕಂಕುಳಿಗೆ ಸೇರಿಸಿಕೊಂಡು ಗೇಟು ದಾಟಿ ಹೋದರು.

ಆ ಸ್ಟೂಲು ಬಂದ ವಾರವೇ ಎದುರುಮನೆಯ ಐರಿಷ್ ಹೆಂಗಸು ಮೌರೀನ್, ನಮ್ಮ ಗೊಂಬೆಗಳಿಗೆಂದು ತಮ್ಮ ಹಳೆಯ ಮರದ ಮೇಜು ಕೊಟ್ಟಿದ್ದರು. ಅದನ್ನೂ ದೇವರ ಮುಂದೆಯೇ ಇಟ್ಟಿದ್ದೆ. ಅದಕ್ಕೆ ಡೆಟಾಲ್ ಒರೆಸಿದ್ದೆ, ಅಷ್ಟೇ.